ಪಂಕ್ತಿಯಿಂದ ಏಳದ ಮಧ್ಯಾಹ್ನ

ಉಂಡ ಕೈ ಒಣಗಲು ಬಿಡಬಾರದು ಎಂದು ನಮ್ಮ ಮನೆಯಲ್ಲಿ ಹೇಳುತ್ತಿದ್ದರು. ನಿಮ್ಮ ಮನೆಯಲ್ಲೂ ಹೇಳಿರುತ್ತಾರೆ. ಬೆರಳುಗಳ ನಡುವಿನ ಸಾರು ಮೊದಲು ಅಂಟಾಗಿ, ಆಮೇಲೆ ತೆಳುವಾದ ಪೊರೆಯಾಗಿ, ಕೊನೆಗೆ ಚರ್ಮವನ್ನೇ ಹಿಡಿದೆಳೆಯುವ ಬಿಗಿಯಾಗಿ ಬದಲಾಗುವುದನ್ನು ನೋಡುವಷ್ಟು ಹೊತ್ತು ಯಾರೂ ಸುಮ್ಮನೆ ಕೂರುವುದಿಲ್ಲ. ನಾನು ಒಮ್ಮೆ ಕೂತಿದ್ದೇನೆ. ಕಂಡದ್ದನ್ನಷ್ಟೇ, ಕಂಡ ಕ್ರಮದಲ್ಲೇ ಹೇಳುತ್ತೇನೆ. ಉಳಿದದ್ದನ್ನು ನೀವೇ ತೂಗಿ ನೋಡಿ.

ಹೊಳವನಹಳ್ಳಿಯ ಆಚೆಗೊಂದು ಕೆರೆಯಿದೆ. ಎಷ್ಟೋ ವರ್ಷ ಬರೀ ಮೇವಿನ ಬಯಲಾಗಿದ್ದದ್ದು ಈಚಿನ ಮಳೆಗಳಲ್ಲಿ ತುಂಬಿ, ನಡುವಿನ ದಿಬ್ಬವನ್ನೂ ಅದರ ಮೇಲಿನ ಹತ್ತು ಹನ್ನೆರಡು ಮನೆಗಳನ್ನೂ ದ್ವೀಪ ಮಾಡಿಬಿಟ್ಟಿದೆ. ಕುರಿ ಕಾಯುತ್ತಿದ್ದವರು ಬಲೆ ಹಿಡಿದಿದ್ದಾರೆ. ತೆಪ್ಪ ಹಾಕುವುದನ್ನು ಕಲಿತರು, ಮೀನಿನ ಹೊಟ್ಟೆ ಸೀಳುವುದನ್ನು ಕಲಿತರು. ಈಜು ಮಾತ್ರ ಹೆಚ್ಚಿನವರಿಗೆ ಇನ್ನೂ ಬರುವುದಿಲ್ಲ. ಆ ದಿಬ್ಬದಲ್ಲಿ ಹನುಮಕ್ಕ ಎಂಬುವರು ತಮ್ಮ ಮನೆಯ ಪಡಸಾಲೆಯಲ್ಲೇ ಬಂದವರಿಗೆ ಮುದ್ದೆ, ಮೀನುಸಾರು ಬಡಿಸುತ್ತಾರೆ. ಬೋರ್ಡಿಲ್ಲ, ಬೆಂಚಿಲ್ಲ, ಗೋಡೆಗೆ ಬೆನ್ನು ಕೊಟ್ಟು ಸಾಲಾಗಿ ಕೂರಬೇಕು.

ನನ್ನನ್ನು ದಾಟಿಸಿದ ಓಬಳಯ್ಯ ತೆಪ್ಪವನ್ನು ದಡಕ್ಕೆಳೆದು ಬೋರಲು ಹಾಕುವಷ್ಟರಲ್ಲಿ ಗಾಳಿ ಎದ್ದಿತ್ತು. ಪಡಸಾಲೆಯಲ್ಲಿ ಆಗಲೇ ಒಂದು ತಟ್ಟೆ ಬಡಿಸಿಟ್ಟಿತ್ತು. ಬಿಸಿ ಮುದ್ದೆ, ಪಕ್ಕದಲ್ಲಿ ಮೀನಿನ ತಲೆ. ಅದರ ಮುಂದೆ ಯಾರೂ ಇರಲಿಲ್ಲ. ನನ್ನನ್ನು ಅದರ ಎಡಕ್ಕೆ, ಓಬಳಯ್ಯನನ್ನು ಬಲಕ್ಕೆ ಕೂರಿಸಿದರು.

"ಲೇ ತಿಮ್ಮ, ನಿಧಾನಕ್ ಉಣ್ಣು ಕಣ್ಲಾ, ಯಾರೂ ಕಿತ್ಕಳಲ್ಲ," ಎಂದರು ಹನುಮಕ್ಕ, ಖಾಲಿ ಜಾಗಕ್ಕೆ.

"ತಲೆ ದಿನಾ ಇವ್ರಿಗೇ ಆಗ್ಬೇಕು. ನಂಗೆ ಬರೀ ಬಾಲ," ಎಂದಳು ಸೊಸೆ ರತ್ನ, ಅದೇ ಜಾಗಕ್ಕೆ ಇನ್ನೊಂದು ಸೌಟು ಸಾರು ಬಿಡುತ್ತ. ಅವಳು ನಗುತ್ತಿದ್ದಳು. ಸೌಟು ಹಿಡಿದ ಕೈ ನಗುತ್ತಿರಲಿಲ್ಲ.

ಓಬಳಯ್ಯ ತಗ್ಗಿದ ದನಿಯಲ್ಲಿ ಹೇಳಿದ: ತಿಮ್ಮರಾಜು ಹನುಮಕ್ಕನ ಒಬ್ಬನೇ ಮಗ, ಬೆಳಿಗ್ಗೆ ಬಲೆ ಎತ್ತಲು ಹೋದವನು ಬಂದಿಲ್ಲ. ಫೋನು ಇಲ್ಲೇ ಗೋಡೆಯಲ್ಲಿ ಚಾರ್ಜಿಗಿದೆ. ಕುರಿಯ ಹಿಂದೆ ಬೆಟ್ಟಕ್ಕೆ ಹೋದವರು ಗಾಳಿಮಳೆಗೆ ಸಿಕ್ಕಾಗ ಇವರ ಹಿರಿಯರು ಮಾಡುತ್ತಿದ್ದದ್ದನ್ನೇ ಈಗ ನೀರಿಗೆ ಹೋದವರಿಗೂ ಮಾಡುತ್ತಾರೆ: ಹೀಗೆ ತಟ್ಟೆ ಬಡಿಸಿಟ್ಟು, ಉಣ್ಣಲು ಕೂತಿದ್ದಾನೆಂಬಂತೆ ಮಾತಾಡಿಸುವುದು.

"ಉಣ್ಣಾಕ್ ಕುಂತೋನ್ನ ಯಮನೂ ಎಬ್ಬಿಸಾಕಿಲ್ಲ ಸಾಮಿ. ಆದ್ರೆ ಪಂಕ್ತಿ ಮುರೀಬಾರ್ದು. ಅವ್ನು ಬಂದು ಉಂಡು ಏಳೋಗಂಟ ನಾವೂ ಏಳಂಗಿಲ್ಲ."

"ಹುಡುಕಲು ಹೋಗಬಹುದಲ್ಲ?"

"ಈ ಗಾಳೀಲಿ ನಾನೂ ಹೋದ್ರೆ ಇನ್ನೊಂದ್ ತಟ್ಟೆ ಇಕ್ಬೇಕಾಯ್ತದೆ," ಎಂದು ಮುದ್ದೆ ಮುರಿದ.

ನಮ್ಮ ಊಟ ಮುಗಿಯಿತು. ನಡುವಿನ ತಟ್ಟೆಯ ಮುದ್ದೆ ಆವಿ ಬಿಡುವುದನ್ನು ನಿಲ್ಲಿಸಿತು. ಸಾರಿನ ಮೇಲೆ ಎಣ್ಣೆ ಕೆನೆಗಟ್ಟಿತು. ಕಾಯುವುದೆಂದರೆ ಏನೂ ಮಾಡದಿರುವುದು ಎಂದು ನಾನು ಅದುವರೆಗೆ ತಿಳಿದಿದ್ದೆ. ಆಸ್ಪತ್ರೆಯ ಬೆಂಚಿನಲ್ಲೂ ಬಸ್ ನಿಲ್ದಾಣದಲ್ಲೂ ನಾವು ಕಾಯುತ್ತೇವೆ, ಬರುವವರು ನಮ್ಮ ಕಾಯುವಿಕೆಯಿಂದ ಬರುವುದಿಲ್ಲವೆಂಬ ನೆಮ್ಮದಿಯಲ್ಲಿ. ಇಲ್ಲಿ ಆ ನೆಮ್ಮದಿ ಇರಲಿಲ್ಲ. ಕಂಡೇ ಇರದ ಒಬ್ಬ ಮನುಷ್ಯನ ತೂಕದಲ್ಲಿ ಒಂದು ಪಾಲು ನನ್ನ ಮಂಡಿಯ ಮೇಲಿತ್ತು. ನಾನು ಇದನ್ನೆಲ್ಲ ನಂಬುವವನಲ್ಲ. ಆದರೂ ಕಾಲು ಬದಲಿಸುವಾಗ ಉಸಿರು ಹಿಡಿಯುತ್ತಿದ್ದೆ.

ಆಗ ಮಾಡಿನ ತಗಡೊಂದು ಗಾಳಿಗೆ ಕಿತ್ತೆದ್ದು, ಒಮ್ಮೆ, ಗುಂಡು ಹೊಡೆದಂತೆ ಬಡಿಯಿತು. ನಾನು ಎದ್ದೆ. ಪೂರ್ತಿ ಎದ್ದೆನೆಂದು ಹೇಳಲಾರೆ. ಅಂಗೈ ನೆಲಕ್ಕೂರಿ, ಮೈ ನೆಲ ಬಿಟ್ಟಿದ್ದು ನಿಜ. ಹನುಮಕ್ಕನ ಕೈ ನನ್ನ ಭುಜದ ಮೇಲೆ ಬಿತ್ತು. ಎಪ್ಪತ್ತು ದಾಟಿದ ಹೆಂಗಸಿನ ಕೈ ಅಷ್ಟು ಭಾರವಿರುತ್ತದೆಂದು ನನಗೆ ಗೊತ್ತಿರಲಿಲ್ಲ.

"ಕುತ್ಕಳಪ್ಪ," ಎಂದರು.

ಕೂತೆ. ರತ್ನ ಒಲೆಯ ಮುಂದಿನಿಂದ ಖಾಲಿ ಜಾಗವನ್ನು ನೋಡುತ್ತಿದ್ದಳು. ಆಮೇಲೆ ಯಾರೂ ಆ ತಟ್ಟೆಯೊಂದಿಗೆ ತಮಾಷೆ ಮಾಡಲಿಲ್ಲ. ನನ್ನ ಕೈ ಒಣಗಿ ಬಿರುಕುಬಿಟ್ಟಿತು.

ಗಾಳಿ ತಗ್ಗಿ ಎಷ್ಟೋ ಹೊತ್ತಾದ ಮೇಲೆ ಬಾಗಿಲಲ್ಲಿ ನೀರು ತೊಟ್ಟಿಕ್ಕುವ ಸದ್ದಾಯಿತು. ತಿಮ್ಮರಾಜು ನಿಂತಿದ್ದ. ಮೊಣಕೈಯಿಂದ ಕೆಳಗೆ ಸಿಪ್ಪೆ ಸುಲಿದ ಹಾಗೆ ತರಚಿತ್ತು. ರತ್ನ ಸೆರಗು ಬಾಯಿಗೊತ್ತಿಕೊಂಡು ಒಳಗೆ ಓಡಿದಳು. ಅವನು ಯಾರನ್ನೂ ಮಾತಾಡಿಸದೆ ಬಂದು, ನಮ್ಮಿಬ್ಬರ ನಡುವೆ ತನ್ನ ತಟ್ಟೆಯ ಮುಂದೆ ಕೂತು, ತಣ್ಣಗಾದ ಮುದ್ದೆಗೆ ಕೈ ಹಾಕಿದ.

"ತೆಪ್ಪ ಮಗುಚ್ಕೊಂತು ಕಣವ್ವ. ಮುಳುಗಿರೋ ಹುಣಸೆ ಮರದ ನೆತ್ತಿ ತಬ್ಕೊಂಡಿದ್ದೆ. ಗಾಳಿ ನಿಂತ್ಮ್ಯಾಕೆ ತೆಪ್ಪಾನೇ ತೇಲ್ಕೊಂಡ್ ಬಂತು, ಹಿಡ್ಕೊಂಡ್ ದಡ ಸೇರ್ದೆ." ಎರಡು ತುತ್ತು ನುಂಗಿದ. "ಒಂದ್ಕಿತ ಮಾತ್ರ ಕೈ ಬುಟ್ಟೋಯ್ತು. ಮುಳುಗ್ಬುಟ್ಟೆ. ಆಮ್ಯಾಕ್ ಹೆಂಗೋ ಕೊಂಬೆ ಸಿಕ್ತು."

"ಯಾವಾಗ್ಲಾ?" ಎಂದರು ಹನುಮಕ್ಕ.

"ನಮ್ ಮನೆ ತಗಡು ಜೋರಾಗಿ ಬಡ್ಕೊಂತಲ್ಲ, ಅಲ್ಲೀಗಂಟ ಕೇಳಿಸ್ತು. ಆವಾಗ."

ಗಾಳಿಗೆ ತಗಡು ಬಡಿದುಕೊಳ್ಳುತ್ತದೆ. ಅದೇ ಗಾಳಿಗೆ ಮರ ಹಿಡಿದವನ ಕೈಯೂ ಜಾರುತ್ತದೆ. ಈ ಮಾತನ್ನು ನಾನು ಮನಸ್ಸಿನಲ್ಲೇ ಹಲವು ಸಲ ಹೇಳಿಕೊಂಡೆ. ಹನುಮಕ್ಕ ಮಗನನ್ನು ನೋಡುತ್ತಿರಲಿಲ್ಲ. ನನ್ನನ್ನು ನೋಡುತ್ತಿದ್ದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ.

ತಿಮ್ಮರಾಜು ತಟ್ಟೆಯನ್ನು ಬಳಿದು ಮುಗಿಸಿ ಎದ್ದ. ಓಬಳಯ್ಯ ಸೊಂಟ ಹಿಡಿದುಕೊಂಡು ಎದ್ದ. ಇನ್ನು ಏಳಪ್ಪ ಎಂದು ಹನುಮಕ್ಕ ನನಗೂ ಹೇಳಲಿ ಎಂದು ನಾನು ಕೂತೇ ಇದ್ದೆ.

ಅವರು ಹೇಳಲಿಲ್ಲ.