ನಾನು ಹೊರಗಾದ ಭಾನುವಾರ

‘ಯಾಕವಾ ಶಾಂತಾ, ಹೊರಗಾಗಿಯೇನ?’

ಕಳೆದ ಭಾನುವಾರ ಬೈಲಹೊಂಗಲದ ಚರ್ಚಿನಲ್ಲಿ, ಆರಾಧನೆಯ ನಟ್ಟನಡುವೆ, ಪಕ್ಕದಲ್ಲಿ ಕುಳಿತಿದ್ದ ನೀಲಕ್ಕ ನನ್ನನ್ನು ಕೇಳಿದ ಪ್ರಶ್ನೆ ಇದು. ಪಿಸುಮಾತಿನಲ್ಲಿ ಕೇಳಿದೆ ಎಂದು ಅವಳ ಭಾವನೆ. ಆದರೆ ನೀಲಕ್ಕನ ಪಿಸುಮಾತು ನಾಲ್ಕಾರು ಬೆಂಚಿನಾಚೆಗೂ ಕೇಳಿಸುತ್ತದೆ. ಮುಂದಿನ ಸಾಲಿನ ಹಿರಿಯರೊಬ್ಬರು ಕೆಮ್ಮಿ, ಹಾಡಿನ ಪುಸ್ತಕದೊಳಗೆ ಮುಖ ಹುದುಗಿಸಿದರು.

ನನಗೀಗ ಐವತ್ತಾರು. ಆ ‘ಹೊರಗೆ’ ಮುಗಿದು ಎಷ್ಟೋ ಕಾಲವಾಯಿತು (ಪುಣ್ಯ!). ಆದರೂ ನೀಲಕ್ಕ ಹೇಳಿದ್ದು ಅಕ್ಷರಶಃ ನಿಜ. ನಾನು ಹೊರಗಾಗಿದ್ದೆ. ಬೇರೆ ಹೆಣ್ಣುಮಕ್ಕಳು ತಿಂಗಳಲ್ಲಿ ಕೆಲವು ದಿನ ಹೊರಗಾದರೆ ನಾನು ಮದುವೆಯಾದಾಗಿನಿಂದ ಹೊರಗೇ ಇದ್ದೇನೆ!

ಬಿಡಿಸಿ ಹೇಳುತ್ತೇನೆ, ಕೇಳಿ.

ಅವತ್ತು ನನ್ನ ತಮ್ಮನ ಮಗಳು ಪ್ರೇರಣಾಳ ದೃಢೀಕರಣ. ನಾವು ಲೂಥರನ್ ಸಭೆಯವರು ಕೂಸಿಗೇ ದೀಕ್ಷಾಸ್ನಾನ ಮಾಡಿಸುತ್ತೇವೆ. ಅಂದು ಕೂಸಿನ ಪರವಾಗಿ ದೊಡ್ಡವರು ಕೊಟ್ಟ ಮಾತನ್ನು, ಹುಡುಗಿ ಬೆಳೆದ ಮೇಲೆ ತಾನೇ ಎದ್ದು ನಿಂತು ಎಲ್ಲರ ಮುಂದೆ ಹೇಳಬೇಕು. ಅದಕ್ಕಾಗಿ ವರ್ಷಗಟ್ಟಲೆ ಪ್ರಶ್ನೋತ್ತರ ಬಾಯಿಪಾಠ. ಅದಾದ ಮೇಲೆ ಮೊದಲ ಸಲ ಕರ್ತನ ಭೋಜನ. ಭೋಜನ ಎಂದರೆ ಹೆಚ್ಚೇನಿಲ್ಲ. ಒಂದು ಚೂರು ರೊಟ್ಟಿ, ಒಂದು ಗುಟುಕು ದ್ರಾಕ್ಷಾರಸ. ಆದರೆ ನಮಗೆ ಅದೇ ಸರ್ವಸ್ವ.

ಇದೇ ಚರ್ಚಿನಲ್ಲಿ ನನಗೂ ದೀಕ್ಷಾಸ್ನಾನವಾಯಿತು. ಇಲ್ಲೇ ದೃಢೀಕರಣವೂ ಆಯಿತು. ಹಾಗಾಗಿ ಕಿತ್ತೂರಿನಿಂದ ಬೆಳಗಿನ ಬಸ್ಸು ಹಿಡಿದು, ಒಳ್ಳೆಯ ಸೀರೆ ಉಟ್ಟು, ಅತ್ತೆಯ ಗತ್ತಿನಲ್ಲಿ ಬಂದಿಳಿದೆ. ಬಾಗಿಲಲ್ಲೇ ಪಾಸ್ಟರ್ ಸಿಕ್ಕರು. ಹೊಸಬರು, ಚಿಕ್ಕ ವಯಸ್ಸು, ಮೆತ್ತನೆಯ ಮಾತು.

‘ಅಕ್ಕಾರ, ತಪ್ಪ ತಿಳ್ಕೋಬ್ಯಾಡ್ರಿ. ಭೋಜನದ ಟೈಮಿನ್ಯಾಗ ತಾವು ಮುಂದ ಬರಬ್ಯಾಡ್ರಿ. ನಮ್ಮ ಸಭಾದ ನಿಯಮ ನಿಮಗ ಗೊತ್ತ ಐತೆಲ್ಲ...’

ಗೊತ್ತಿಲ್ಲದೆ ಏನು? ಚೆನ್ನಾಗಿ ಗೊತ್ತಿದೆ.

ಐನೂರು ವರ್ಷದ ಹಿಂದೆ ಜರ್ಮನಿಯ ಒಬ್ಬ ಸನ್ಯಾಸಿ, ದೇವರ ಕೃಪೆ ಪುಕ್ಕಟೆ, ಅದನ್ನು ಯಾರೂ ಮಾರುವಂತಿಲ್ಲ ಎಂದು ಜಗಳ ತೆಗೆದ. ಒಳ್ಳೆಯ ಜಗಳ. ಅಲ್ಲಿಂದ ನಾವು ಹುಟ್ಟಿದೆವು. ಆಮೇಲೆ ಏನಾಯಿತು? ರೊಟ್ಟಿಯಲ್ಲಿ ಕರ್ತನ ದೇಹ ನಿಜವಾಗಿಯೂ ಇದೆಯೋ, ಅದು ಬರೀ ನೆನಪಿನ ಗುರುತೋ ಎಂಬ ಜಗಳ. ‘ನಿಜವಾಗಿಯೂ ಇದೆ’ ಎನ್ನುವವರಲ್ಲೇ ಕಟ್ಟುನಿಟ್ಟಿನವರು ಬೇರೆಯಾದರು. ಅವರ ಪೈಕಿ ಯಾರೋ ಹಡಗು ಹತ್ತಿ ನಮ್ಮ ಕಡೆ ಬಂದರು. ಬರುವಾಗ ಸುವಾರ್ತೆಯ ಜೊತೆ ಜಗಳವನ್ನೂ ತಂದರು. ಮುಂದೆ ಸುತ್ತಲಿನ ಎಷ್ಟೋ ಸಭೆಗಳು ಕೂಡಿ ಒಂದಾದವು. ನಾವು ಕೂಡಲಿಲ್ಲ. ಸವದತ್ತಿಯಲ್ಲಿ ಕೆಲವು ಮನೆ, ರಾಮದುರ್ಗದಲ್ಲಿ ಕೆಲವು, ಬೈಲಹೊಂಗಲದಲ್ಲಿ ಈ ತಗಡಿನ ಚಾವಣಿಯ ಚರ್ಚು. ಇಷ್ಟೇ ನಮ್ಮ ಜಗತ್ತು.

ನನ್ನ ಯಜಮಾನರು ಆ ಕೂಡಿದ ಸಭೆಯವರು. ಮದುವೆಯಾಗಿ ಕಿತ್ತೂರಿಗೆ ಹೋದೆ. ಅವರ ಚರ್ಚಿನಲ್ಲಿ ಅವರ ಪಕ್ಕ ಕೂರತೊಡಗಿದೆ. ಮುಗಿಯಿತು! ರೊಟ್ಟಿಯ ಬಗ್ಗೆ ನಾನು ಏನು ನಂಬುತ್ತೇನೆ ಎಂದು ಇವತ್ತಿನವರೆಗೆ ಯಾರೂ ಕೇಳಿಲ್ಲ. ಎಲ್ಲಿ ಕೂರುತ್ತೇನೆ ಎಂದಷ್ಟೇ ನೋಡಿದರು.

ಪ್ರೇರಣಾ ಬಿಳಿ ಸೀರೆಯಲ್ಲಿ ನಿಂತು ಪಟಪಟ ಉತ್ತರಿಸಿದಳು. ಸಭೆ ಎಂದರೆ ಏನು ಎಂದು ಪಾಸ್ಟರ್ ಕೇಳಿದರು. ಭಕ್ತರೆಲ್ಲ ಸೇರಿ ಒಂದೇ ದೇಹ ಎಂದಳು. ಎಲ್ಲರೂ ತಲೆದೂಗಿದರು. (ನಾನೂ ತೂಗಿದೆ. ಏನು ಮಾಡಲಿ?) ಆಮೇಲೆ ಮನೆಮಂದಿಯೆಲ್ಲ ಎದ್ದು ಮುಂದೆ ಹೋದರು. ನನ್ನ ಅವ್ವ ಮೊಮ್ಮಗಳ ಪಕ್ಕದಲ್ಲೇ ಮೊಣಕಾಲೂರಿದಳು. ಬೆಂಚಿನಲ್ಲಿ ಉಳಿದವರು ನಾನು ಮತ್ತು ತಮ್ಮನ ನೆರೆಮನೆಯ ನೀಲಕ್ಕ. ಲಿಂಗಾಯತರ ಹೆಣ್ಣುಮಗಳು, ಇಳಕಲ್ ಸೀರೆ ಉಟ್ಟು ಅಕ್ಕರೆಯಿಂದ ಬಂದಿದ್ದಳು. ದೇವರ ಮುಂದೆ ಹೆಂಗಸೊಬ್ಬಳು ಹೋಗದಿರಲು ಅವಳಿಗೆ ಗೊತ್ತಿದ್ದ ಕಾರಣ ಒಂದೇ. ಅದನ್ನೇ ಕೇಳಿದಳು.

‘ಅದಲ್ಲ ನೀಲಕ್ಕ, ನನ್ನ ಸಭಾ ಬ್ಯಾರೆ,’ ಎಂದೆ.

‘ನಿಮ್ಮ ಯೇಸುಸ್ವಾಮಿ ಬ್ಯಾರೆ ಅದಾನೇನ?’

‘ಇಲ್ಲ, ಒಬ್ಬನ ಅದಾನ.’

‘ಬೈಬಲ್ ಬ್ಯಾರೆ?’

‘ಅದೂ ಒಂದ ಅದ.’

‘ಮತ್ತ ಬ್ಯಾರೆ ಇರೂದರ ಏನು?’

‘ರೊಟ್ಟಿ ಸಲುವಾಗಿ ಜಗಳ.’

ನೀಲಕ್ಕ ಗಂಭೀರವಾಗಿ ಯೋಚಿಸಿದಳು. ‘ಜ್ವಾಳದ್ದೋ, ಸಜ್ಜಿದೋ?’

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವಳೇ ಸಮಾಧಾನ ಹೇಳಿದಳು. ‘ಹೋಗ್ಲಿ ಬಿಡು, ನಮ್ಮಾಗೂ ಹಂಗ ಐತಿ. ಕೊರಳಾಗ ಎಲ್ಲಾರದೂ ಲಿಂಗ. ಬೀಗತನದ ಮಾತ ಬಂತಂದ್ರ ಒಳಪಂಗಡ ಯಾವುದಂತ ಕೇಳತಾರ.’

ಮಧ್ಯಾಹ್ನ ತಮ್ಮನ ಮನೆಯಲ್ಲಿ ಊಟ. ಪಾಸ್ಟರ್ ನನ್ನ ಪಕ್ಕದಲ್ಲೇ ಕೂತರು. ಬುಟ್ಟಿ ಬಂದಾಗ ತಾವೇ ಕೈಹಾಕಿ ನನ್ನ ತಾಟಿಗೆ ಒಂದು ಬಿಸಿ ರೊಟ್ಟಿ ಇಟ್ಟರು. ‘ಸಂಕೋಚ ಮಾಡ್ಕೋಬ್ಯಾಡ್ರಿ ಅಕ್ಕಾರ, ತಗೋರಿ.’

ನನಗೆ ತಡೆಯಲಾಗಲಿಲ್ಲ. ‘ಈ ರೊಟ್ಟಿಗೆ ನಿಯಮ ಇಲ್ಲೇನ್ರಿ?’

ಅವರ ಮುಖ ಬಾಡಿತು. ‘ನಾ ಒಬ್ಬಾಂವ ಬದಲ ಮಾಡಾಕ ಬರೂದಿಲ್ರಿ. ಮ್ಯಾಲಿನವ್ರು ಹೇಳಬೇಕು.’

‘ಎಷ್ಟ ಮ್ಯಾಲಿನವ್ರು?’ ಎಂದು ಆಕಾಶ ತೋರಿಸಿದೆ. ಪಾಸ್ಟರ್ ನಕ್ಕರು. ನಾನು ತಮಾಷೆಗೆ ಕೇಳಿರಲಿಲ್ಲ.

ಬೀಗರು, ನೆರೆಯವರು ಹೋದ ಮೇಲೆ ಅವ್ವ ನನ್ನನ್ನೇ ತರಾಟೆಗೆ ತೆಗೆದುಕೊಂಡಳು. ‘ದೇವರ ಸೇವಕರಿಗೆ ಹಂಗ ಮಾತಾಡತಾರೇನು?’

ನಾನೂ ಸಿಡಿದೆ. ‘ಹೆತ್ತ ಮಗಳು ಹಿಂದ ಕುಂತಿದ್ಲು. ಒಂದ್ಸಲ ತಿರುಗಿ ನೋಡಿದ್ಯಾ?’

‘ನೋಡಿದ್ರ ನನಗ ನುಂಗಾಕ ಆಗತಿದ್ದಿಲ್ಲ,’ ಎಂದಳು ಅವ್ವ. ಆಮೇಲೆ ತನ್ನ ಅಜ್ಜಿಯ ವಿಷಯ ತೆಗೆದಳು.

‘ನಮ್ಮ ಆಯಿಗೆ ಊರ ಬಾವಿ ಹಗ್ಗಾ ಮುಟ್ಟಾಕ ಬಿಡತಿದ್ದಿಲ್ಲ. ಯಾರರೆ ಬಂದು ಕೊಡಕ್ಕ ನೀರ ಸುರವೂತನಕಾ ಬಿಸಲಾಗ ನಿಂದರಬೇಕಿತ್ತು. ಅಂಥಾಕಿಗೆ, ಹಡಗಿನ್ಯಾಗ ಬಂದ ಪಾದ್ರಿ ದೊರಿ ತಾ ಕುಡದ ಬಟ್ಟಲಾನ ಕೈಯಾಗ ಕೊಟ್ಟು, ನೀನೂ ಕುಡಿಯವಾ ಅಂದ. ಆಕಿ ಸಾಯೂತನಕಾ ಅದನ್ನ ಹೇಳ್ತಿದ್ಲು. ಬಟ್ಟಲಾ ಕೊಟ್ಟಾವ್ರು ಇಟ್ಟ ನಿಯಮ ನಾ ಹೆಂಗ ಮುರೀಲಿ?’

ನನ್ನ ಸಿಟ್ಟು ಮೊದಲಿಗಿಂತ ಹೆಚ್ಚಾಯಿತು. ಅವ್ವನ ಮೇಲಲ್ಲ. ದೂರ ನಿಲ್ಲಿಸಿದವರನ್ನು ಹತ್ತಿರ ಕರೆಯಲು ಬಂದ ಬಟ್ಟಲು ಅದು. ಅದಕ್ಕೇ ಕಾವಲು ಹಾಕಿ, ಯಾರು ದೂರ ನಿಲ್ಲಬೇಕು ಎಂದು ನಾವೇ ತೀರ್ಮಾನಿಸುತ್ತಿದ್ದೇವಲ್ಲ! ಆ ಮುದುಕಿ ಬದುಕಿದ್ದರೆ ನಮ್ಮನ್ನು ಏನೆನ್ನುತ್ತಿದ್ದಳು?

ಮುಂದಿನ ತಿಂಗಳು ಧಾರವಾಡದಲ್ಲಿ ಅವ್ವನ ಕಣ್ಣಿನ ಪೊರೆಯ ಆಪರೇಷನ್. ಅಲ್ಲಿಯವರೆಗೆ, ಆಮೇಲೂ ಕೆಲವು ವಾರ, ನನ್ನ ಮನೆಯಲ್ಲೇ ಇರುತ್ತಾಳೆ. ನಮ್ಮ ಕಿತ್ತೂರಿನ ಚರ್ಚಿನಲ್ಲಿ ದೀಕ್ಷಾಸ್ನಾನವಾದವರನ್ನೆಲ್ಲ ಭೋಜನಕ್ಕೆ ಕರೆಯುತ್ತಾರೆ. ಬರುತ್ತೀಯಾ ಎಂದು ಕೇಳಿದೆ.

‘ಚರ್ಚಿಗೆ ಬರತೇನಿ. ಮುಂದ ಬರೂದಿಲ್ಲ. ಬ್ಯಾರೆ ಸಭಾದಾಗ ತಗೊಳ್ಳಾಕ ನಮಗ ನಿಯಮ ಇಲ್ಲ. ನಾ ಹಿಂದ ಕುಂದರತೇನಿ, ನೀ ಹೋಗಿ ತಗೊಂಡ ಬಾ.’

‘ನೀ ಕುಂತ್ರ ನಾನೂ ಕುಂದರತೇನಿ.’

‘ಹಟಾ ಮಾಡಬ್ಯಾಡ. ನೀ ಯಾಕ ಬಿಡತಿ?’

‘ನಿನ್ನ ಬಿಟ್ಟ ನುಂಗಾಕ ನನಗೂ ಆಗೂದಿಲ್ಲ.’

ಅವ್ವ ಆ ಕಡೆ ಮುಖ ತಿರುಗಿಸಿದಳು. ಬೈಯಲಿಲ್ಲ. ಬೇಡ ಎಂದೂ ಹೇಳಲಿಲ್ಲ.

ಅಂತೂ ತೀರ್ಮಾನವಾಗಿದೆ. ಅವಳ ಸಭೆಯ ಅವಳು, ನನ್ನ ಸಭೆಯ ನಾನು, ಭೋಜನವಿರುವ ಭಾನುವಾರ ಒಂದೇ ಬೆಂಚಿನಲ್ಲಿ ಕೈಕಟ್ಟಿ ಕೂರುತ್ತೇವೆ. ಒಟ್ಟಿಗೆ ಉಣ್ಣಲು ಬಿಡದ ದೊಡ್ಡವರು, ಒಟ್ಟಿಗೆ ಉಪವಾಸ ಕೂರಲಾದರೂ ಬಿಡುತ್ತಾರಲ್ಲ?