ಊಟದ ಬಿಡುವಿನಲ್ಲಿ ಓಡಿದ್ದಕ್ಕೆ

ಗೆಳೆಯರೇ, ಇವತ್ತು ಭದ್ರಾವತಿಯಲ್ಲಿ ಒಂದು ಕಾರ್ಖಾನೆಯನ್ನೇ ಖಾಲಿ ಮಾಡಿಸಿಬಿಟ್ಟೆ. ಬೇಸಿಗೆ ರಜೆಯ ಟ್ರೇನಿಂಗ್ ಅಲ್ಲೇ. ಶಿವಮೊಗ್ಗಕ್ಕೆ ಮರಳುವಷ್ಟರಲ್ಲಿ ಕತ್ತಲು. ಕಾಲೇಜು ತೆರೆದ ಕೂಡಲೇ ಓಟದ ತಂಡದ ಆಯ್ಕೆ, ಅಭ್ಯಾಸಕ್ಕೆ ಸಮಯವೆಲ್ಲಿ? ಅದಕ್ಕೇ ಊಟದ ಬಿಡುವಿನಲ್ಲಿ ಕುಲುಮೆಯ ಶೆಡ್ಡಿನಿಂದ ಗೇಟಿನ ಕಡೆಗೆ ಓಡಿದೆ. ಅರ್ಧ ದಾರಿಯಲ್ಲಿ ತಿರುಗಿ ನೋಡಿದರೆ, ಶೆಡ್ಡಿಗೆ ಶೆಡ್ಡೇ ಬುತ್ತಿ ಬಿಟ್ಟು ನನ್ನ ಹಿಂದೆ ಓಡಿಬರುತ್ತಿದೆ!

ಗೇಟಿನಲ್ಲಿ ಫೋರ್‌ಮನ್ ಕೇಳಿದರು, "ಏನಾಯ್ತು ಮಾರಾಯ್ತಿ?"

"ಏನಿಲ್ಲ ಸರ್, ಪ್ರಾಕ್ಟೀಸ್."

"ಫ್ಯಾಕ್ಟ್ರಿ ಒಳಗೆ ಯಾರಾದ್ರೂ ಓಡಿದ್ರೆ ಅನಾಹುತ ಆಗಿದೆ ಅಂತ್ಲೇ ಅರ್ಥ! ನಾಳೆಯಿಂದ ಸಂಜೆ ಅರ್ಧ ಗಂಟೆ ಮೊದ್ಲೇ ಬಿಡ್ತೀನಿ. ಗ್ರೌಂಡಿಗೆ ಬಾ, ನಾನೂ ಓಡ್ತೀನಿ."

ತಕ್ಷಣ ಒಪ್ಪಿಕೊಂಡೆ. ಬರುವ ವರ್ಷ ನಿವೃತ್ತರಾಗುವ ಅವರು, ಸೇಫ್ಟಿ ಶೂ ಹಾಕಿಕೊಂಡೇ, ಶೆಡ್ಡಿನಿಂದ ನನ್ನ ಹಿಂದೆ ಹೊರಟರೂ ನನಗಿಂತ ಮೊದಲು ಗೇಟು ಮುಟ್ಟಿದ್ದರು.