ಅರ್ಧ ಶಟರಿನ ಅಕ್ಕೋರು

ಕಂಪ್ಯೂಟರ್ ಕಲಸೋ ಅಕ್ಕೋರ ಬಲಗೈ ತೋರಬೆರಳಿನ ಉಗುರು ನೇರಳೆಹಣ್ಣಿನಂಗ ಕಪ್ಪಗಿತ್ತು. ಕಂಪ್ಯೂಟರ್ ಕ್ಲಾಸಿನ ಶಟರ್ ಬಿದ್ದು ಆಗಿದ್ದ ಪೆಟ್ಟು. ಅದ ಬೆರಳ್ಲೆ ಪರದೆ ಮ್ಯಾಲೆ ಟಕ್ ಟಕ್ ಬಡದು, "ಕಾಕಾ, ಇಲ್ಲಿ ನೋಡ್ರಿ. ಫ್ಯಾನಿನ್ಯಾಗ ಜಾವಾ ಇಲ್ಲ" ಅಂತ ಫ್ಯಾನ್ ನೋಡ್ಕೋತ ಕುಂತ ನನಗ ಹೇಳ್ತಿದ್ರು.

ಕೊಪ್ಪಳ ಜಿಲ್ಲಾ ಆಗಿ ಐದಾರು ವರ್ಷ ಆಗಿತ್ತು. ನಾ ಗಿಣಿಗೇರಿ ಕಡೆ ಒಂದು ಫ್ಯಾಕ್ಟರಿ ಸ್ಟೋರಿನ್ಯಾಗ ಗುಮಾಸ್ತ. ಕಂಪ್ಯೂಟರ್ ಬರೋರು ಕುರ್ಚಿ ಮ್ಯಾಲೆ, ಬರದೋರು ಯಾರ್ಡಿನ ಬಿಸಲಾಗ ಅಂತ ಮ್ಯಾನೇಜರ್ ಹೇಳಿಬಿಟ್ಟಿದ್ದ. ಕ್ಲಾಸಿನ ಮಾಲಕ "ಜಾವಾ ಭಾಷಾ ಕಲ್ತ್ರ ಕಂಪ್ಯೂಟರ್ ಎಲ್ಲಾ ಬಂದಂಗರಿ" ಅಂದ, ಸೇರಿದೆ. ಉಳಿದವ್ರೆಲ್ಲಾ ಮೀಸಿ ಮೂಡದ ಹುಡುಗ್ರು. ಚ್ಯಾಷ್ಟಿಯೊಳಗ ಮಾತ್ರ ಅವರೆಲ್ಲಾ ನನ್ನ ಮುಂದ ಹಾಲುಗೂಸು.

ಕ್ಲಾಸ್ ಅಂದ್ರ ಕಿಟಕಿ ಇಲ್ಲದ ಒಂದ ಖೋಲಿ. ಧೂಳು ಬರ್ತೈತಿ ಅಂತ ಮಾಲಕ ಶಟರ್ ಅರ್ಧ ಎಳದ ಇಡ್ತಿದ್ದ. ಒಳಗ ಕುಂತ್ರ ರಸ್ತೆ ಮ್ಯಾಲೆ ಹೋಗೋರ ಬರೇ ಕಾಲು ಕಾಣ್ತಿದ್ವು.

ಅಕ್ಕೋರು ಒಂದು ಪ್ರೋಗ್ರಾಂ ಬರಸಿದ್ರು. ಪ್ರೋಗ್ರಾಮಿನ ಹೆಸರು ಹೊಡದು ಅದರ ಮುಂದ ನಿಮ್ಮ ಹೆಸರು ಹೊಡದ್ರ, ಹೆಸರು ಹಿಡಿದು ನಮಸ್ಕಾರ ಅಂತಿತ್ತು. ನಾ ಬೇಕಂತ ನನ್ನ ಹೆಸರು ಬಿಟ್ಟು ಎಂಟರ್ ಒತ್ತಿದೆ. ಪರದೆ ತುಂಬ ಬೈಗುಳದಂಥ ಇಂಗ್ಲಿಷ್.

"ಅಕ್ಕೋರ, ನಿಮ್ಮ ಪ್ರೋಗ್ರಾಂ ಗೊಟಕ್ ಅಂತ್ರಿ!"

ಹುಡುಗ್ರು ನಕ್ಕರು. ಅಕ್ಕೋರು ನಗಲಿಲ್ಲ, ಸಿಟ್ಟೂ ಆಗಲಿಲ್ಲ. "ಖಾಲಿ ಡಬ್ಬಿಯಾಗ ಕೈ ಹಾಕೈತಿ ಕಾಕಾ. ನಾವು ಮುಂದ ಹೊಡದಿದ್ದಕ್ಕ ಆರ್ಗ್ಯುಮೆಂಟ್ ಅಂತಾರ, ಎಷ್ಟ ಬಂದಾವು ಅಂತ ಮೊದ್ಲ ಕೇಳಬೇಕು. ಅದಕ್ಕ ಆರ್ಗ್ಸ್ ಡಾಟ್ ಲೆಂತ್. ಸೊನ್ನಿ ಇದ್ರ ನಮ್ದೊಂದು ಹೆಸರು ಇಟ್ಕೋಬೇಕು. ಬೀಗರು ಬರಿಗೈಲೆ ಬಂದ್ರ ಅಂಗಳದಾಗ ನಿಲ್ಲಿಸ್ತೀರೇನು?"

ಮೂರು ಸಾಲು ಸೇರಿಸಿದ್ರು. ಹೆಸರು ಕೊಡದಿದ್ರ 'ನಮಸ್ಕಾರ ಅತಿಥಿಗಳೇ' ಅನ್ನಾಕ ಹತ್ತಿತು.

ಒಂದಿನ ಅವರ ಮಾರಿ ಸಣ್ಣಗಾಗಿತ್ತು. ಗಂಡು ಗೊತ್ತಾತೇನ್ರಿ ಅಂತ ಕಾಡಿದೆ. ಆಗ ಬಾಯಿ ಬಿಟ್ರು. ಸೋಮವಾರ ಗುಲಬರ್ಗಾದಾಗ ಸರ್ಕಾರಿ ನೌಕರಿ ಸಂದರ್ಶನ, ಅದಕ್ಕಂತ ಹೊಸಾ ಸೀರಿನೂ ತಂದಿದ್ರು, ಆದ್ರ ಅಸಲಿ ಮಾರ್ಕ್ಸ್ ಕಾರ್ಡ್ ಒಯ್ಯಬೇಕು. ಅವೆಲ್ಲಾ ಮಾಲಕನ ಅಲಮಾರಿಯಾಗ. ಮೂರು ವರ್ಷ ಕೆಲಸ ಬಿಟ್ಟು ಹೋಗಂಗಿಲ್ಲ ಅಂತ ಇಸಗೊಂಡು ಇಟ್ಟಿದ್ದ. ನಡುವ ಬಿಟ್ರ ರೊಕ್ಕ ಕಟ್ಟಬೇಕಂತ ಅಪ್ಪನ ಜಾಮೀನು ಸಹಿ ಬ್ಯಾರೆ.

"ಕೇಳಿದ್ರೇನು?"

"ಕಾಲು ಒಂದ ಹಿಡೀಲಿಲ್ಲ ನೋಡ್ರಿ."

ಸರಿ, ಇನ್ನ ನನ್ನ ಕೆಲಸ ಅಂದ್ಕೊಂಡೆ.

ಶನಿವಾರ ಮಾಲಕ ಹೊಸ ಹುಡುಗ್ರ ತಂದಿ-ತಾಯಿನ ಕರಸಿದ್ದ. ತಾನ ಕುಂತು ಪ್ರೋಗ್ರಾಂ ಓಡಿಸಿದ. ಹೆಸರು ಹೊಡ್ಯಾದು ಮರತ. ಆದ್ರೂ ಅದು ನಮಸ್ಕಾರ ಅಂತು. "ನೋಡ್ರಿ, ಏನೂ ಹೇಳದಿದ್ರೂ ಮಾತಾಡಸ್ತೈತಿ! ನಮ್ಮ ಮೇಡಂ ಕೈಗುಣ!" ಅಂತ ಎದಿ ಉಬ್ಬಿಸಿದ.

ನಾ ಎದ್ದು ನಿಂತೆ. "ನನ್ನ ತಮ್ಮನ ಮಗಳನ್ನೂ ಸೇರಸ್ತೀನ್ರಿ. ನಿಮ್ಮ ಮೇಡಂ ಖರೇನ ಡಿಗ್ರಿ ಮಾಡ್ಯಾರೇನು, ಇಲ್ಲಾ ಹಂಗ ಬೋರ್ಡ್ ಹಾಕೀರೋ?"

ನನಗ ತಮ್ಮನ ಇಲ್ಲ.

"ಏನ್ರಿ ಹಂಗಂದ್ರ!" ಅಂತ ಮಾಲಕ ಅಲಮಾರಿ ತಗದ, ಫೈಲ್ ತಂದು ನನ್ನ ಕೈಯಾಗ ಇಟ್ಟ. ನಾ ಎಲ್ಲಾರಿಗೂ ಬಿಚ್ಚಿ ತೋರಸ್ಕೋತ ಹೋಗಿ, ಕಡೀಕೆ ಅಕ್ಕೋರ ಕೈಗೆ ಕೊಟ್ಟೆ.

"ನಿಮ್ದು ನೀವ ಇಟ್ಕೋರಿ."

ಮಾಲಕನ ಮಾರಿ ಸುಟ್ಟ ಬದನಿಕಾಯಿ. ಅಷ್ಟ ಮಂದಿ ಮುಂದ ಕಸಗೊಳ್ಳಾಕ ಬರಂಗಿಲ್ಲ. ನನ್ನ ಜೀವಮಾನದಾಗ ಅಂಥಾ ಆಟ ನಾ ಆಡಿಲ್ಲ, ಯಾರೂ ಆಡಿಲ್ಲ.

ಅಕ್ಕೋರು ಫೈಲ್ ಎದಿಗೆ ಒತ್ತಿ ಹಿಡಿದ್ರು. ಶಟರ್ ಕಡೆ ನೋಡಿದ್ರು.

"ಬಗ್ಗಿ ಹೋಗಿಬಿಡ್ರಿ," ಪಿಸುಗುಟ್ಟಿದೆ.

"ಈ ಸರ್ ನಮ್ಮೂರು ಹನುಮಸಾಗರಕ್ಕ ಹೋಗಿ ಬಾಗಿಲ ಮುಂದ ಒದರಿದ್ರ ಕಾಕಾ? ನಮ್ಮಪ್ಪ ಊರಾಗ ಒಬ್ಬರ ಕಡೆ ಒಂದ ಮಾತು ಅನಿಸ್ಕೊಂಡಾಂವ ಅಲ್ಲ."

ಮಂದಿ ಎದ್ದು ಹೋಗೋತನಕ ಅಕ್ಕೋರು ಹಂಗ ನಿಂತಿದ್ರು. ಆಮ್ಯಾಲೆ ಫೈಲ್ ಮಾಲಕನ ಕೈಗೆ ತಾವ ಕೊಟ್ರು. "ಒಳಗ ಇಡ್ರಿ ಸರ್."

ಮುಂದಿನ ವರ್ಷ ಫ್ಯಾಕ್ಟರಿಯೊಳಗ ನಾನ ಒಂದು ಪ್ರೋಗ್ರಾಂ ಬರದೆ. ಸಾಮಾನಿನ ಹೆಸರು ಕೊಟ್ರ ಅದರದೊಂದ ಲೆಕ್ಕ, ಕೊಡದಿದ್ರ ಇಡೀ ಸ್ಟೋರಿಂದು. ಮ್ಯಾನೇಜರ್ ಬೇಕಂತ ಏನೂ ಕೊಡದ ಒತ್ತಿ ನೋಡಿದ, ಅದು ಬೀಳಲಿಲ್ಲ. ನನ್ನ ಜೋಡಿ ಇದ್ದ ಗುಮಾಸ್ತರು ಯಾರ್ಡಿಗೆ ಹೋದ್ರು. ನಾ ಕುರ್ಚಿ ಮ್ಯಾಲಿಂದನ ರಿಟೈರ್ ಆದೆ, ಇವತ್ತು ತಿನ್ನೋ ರೊಟ್ಟಿ ಅಕ್ಕೋರ್ದು. ಅವರ ಮೂರು ವರ್ಷ ಮುಗಿಯೋದ್ರಾಗ ಆ ನೌಕರಿಗೆ ವಯಸ್ಸು ದಾಟಿತ್ತು.

ಸಂದರ್ಶನ ಇದ್ದ ಆ ಸೋಮವಾರ ನಾ ತಡಾ ಮಾಡಿ ಕ್ಲಾಸಿಗೆ ಹೋದೆ. ಅಕ್ಕೋರು ಇರಬಾರದು, ರಾತ್ರೋರಾತ್ರಿ ಮನಸ್ಸು ಬದಲಿಸಿ ಫೈಲ್ ತಗೊಂಡು ಹೋಗಿರಬೇಕು ಅಂತ ಬೇಡ್ಕೋತ ಬಗ್ಗಿ ಒಳಗ ಹೊಕ್ಕೆ. ಬೋರ್ಡಿನ ಮುಂದ ನಿಂತಿದ್ರು. ಸಂದರ್ಶನಕ್ಕಂತ ತಂದಿದ್ದ ಹೊಸಾ ಸೀರಿ ಉಟ್ಟಿದ್ರು.

"ತಡಾ ಮಾಡೀರಿ ಕಾಕಾ. ಕುಂಡರ್ರಿ. ಇವತ್ತ ಎರಡನೇ ಆರ್ಗ್ಯುಮೆಂಟು."

ಊರಿಗೆಲ್ಲಾ ಬಾಯಿ ಮಾಡೋ ನಾ, ಸೀರಿ ಛಲೋ ಐತ್ರಿ ಅಂತ ಸೈತ ಅನ್ನಲಿಲ್ಲ. ಕುಂತು ಬರಕೊಂಡೆ.